ಖಾಡಿಯಲ್ಲಿ ಸ್ಟ್ಯಾಚ್ಯೂ

ಎರಡು ಬೆರಳು ಬಾಯಿಗಿಟ್ಟು ಕಾಕಾ ಹೊಡೆಯುತ್ತಿದ್ದ ಆ ಉದ್ದನೆಯ ಸೀಟಿ! ಈಗಲೂ ಕಾಚಿಗೂಡದ ನಮ್ಮ ಗಲ್ಲಿಯಲ್ಲಿ ಯಾರಾದರೂ ಸೀಟಿ ಹೊಡೆದರೆ ನನಗೆ ಕೇಳಿಸುವುದು ಅದೇ.

ಅಪ್ಪನ ತಮ್ಮನಾದ ಕಾಕಾ ಅಂಡಮಾನಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದರು. ಆ ಸಲದ ಕ್ರಿಸ್‌ಮಸ್ ವೆಕೇಶನ್ ಪೂರ್ತಿ ಅಲ್ಲಿ ನಾನು ಅವರ ನಾಯಿ ಮೋತಿಯ ಜೊತೆಗೇ ಅಲೆದೆ. ಸೀಟಿ ಕೇಳಿದರೆ ಸಾಕು, ಮೋತಿ ಎಲ್ಲಿದ್ದರೂ ಕಾಕಾನ ಬಳಿ ಓಡಿ ಬರುತ್ತಿತ್ತು.

ಒಂದು ಮಧ್ಯಾಹ್ನ, ಸಮುದ್ರ ನೆಲದೊಳಕ್ಕೆ ಚಾಚಿದ್ದ ಖಾಡಿಯ ಮೊಣಕಾಲುದ್ದ ನೀರಿನಲ್ಲಿ ಚಿಪ್ಪು ಆರಿಸುತ್ತಿದ್ದೆ. ಮೋತಿ ಆಚೆ ದಡದಲ್ಲಿ ಏಡಿಗಳನ್ನು ಅಟ್ಟುತ್ತಿತ್ತು. ದೂರದ ಜೆಟ್ಟಿಯಿಂದ ಕಾಕಾ, "ಸ್ಟ್ಯಾಚ್ಯೂ!" ಎಂದು ಕೂಗಿದರು. ಅದು ನಮ್ಮ ಕಾನ್ವೆಂಟಿನ ಆಟ, ನಾನೇ ಅವರಿಗೆ ಕಲಿಸಿದ್ದು.

"ಇದು ಚೀಟಿಂಗ್ ರೀ ಕಾಕಾ!" ಎಂದು ನಕ್ಕೆ.

"ಹಲ್ಲು ಕಿಸೀಬ್ಯಾಡ, ಬೇಬಿ. ಅಲುಗಾಡಿದ್ರ ನೀ ಔಟ್." ಅವರ ದನಿ ನಡುಗುತ್ತಿತ್ತು.

ಪಕ್ಕದಲ್ಲಿ ತೇಲುತ್ತಿದ್ದ ಮರದ ದಿಮ್ಮಿ ಕಣ್ಣು ತೆರೆಯಿತು. ಮೊಸಳೆ!

ಕಾಕಾ ಸೀಟಿ ಹೊಡೆದರು. ಮೋತಿ ಧಡಕ್ಕನೆ ನೀರಿಗೆ ಹಾರಿತು. ಸಪ್ಪಳಕ್ಕೆ ಮೊಸಳೆ ಅತ್ತ ತಿರುಗಿತು.

"ಈಗ ಓಡು!"

ದಡ ಹತ್ತಿ ತಿರುಗಿ ನೋಡಿದೆ. ಕಾಕಾ ಮುಖ ಮುಚ್ಚಿಕೊಂಡು ಕುಳಿತಿದ್ದರು. ಮೋತಿಯನ್ನು ನಾನು ಕೊನೆಯ ಸಲ ಕಂಡದ್ದು ಆಗಲೇ. ಅದು ಅವರನ್ನೇ ನೋಡುತ್ತಾ, ಖುಷಿಯಿಂದ ಈಜಿ ಬರುತ್ತಿತ್ತು.