ದ್ವಾದಶಿಯ ಎರಡು ಗುಳಿಗೆ

ಕೌಲ್ ಬಜಾರಿನ ಔಷಧಿ ಅಂಗಡಿಯ ಮುಂದೆ ವರದಾ ಟೀಚರು ಎರಡು ಅಲರ್ಜಿ ಗುಳಿಗೆಗಳನ್ನು ಅಂಗೈಗೆ ಹಾಕಿಕೊಂಡದ್ದೇ ತಡ, ಕೊಡಲೆಂದು ಎತ್ತಿದ್ದ ನೀರಿನ ಬಾಟ್ಲಿಯನ್ನು ಅಂಗಡಿಯ ಜಂಬುನಾಥ ಹಿಂದಕ್ಕೆಳೆದುಕೊಂಡ.

"ಎರಡ್ಯಾಕ್ರಿ ಮೇಡಂ?"

"ನಿನ್ನೆ ಏಕಾದಶಿ, ನೀರೂ ಮುಟ್ಟಿಲ್ಲ. ನಿನ್ನೇದೊಂದು, ಇವತ್ತಿಂದೊಂದು." ತೋಳ ತುಂಬ ಎದ್ದಿದ್ದ ದದ್ದುಗಳನ್ನು ಅವಳು ಸೆರಗಿನಿಂದ ಮುಚ್ಚಿಕೊಂಡಳು.

"ದೇವರು ಎರಡು ದಿನದ ನೈವೇದ್ಯ ಕೂಡಿಸಿ ಉಂಡಾನು, ನಿಮ್ಮ ಮೈ ತಡಿಯೂದಿಲ್ರಿ. ಬಿಟ್ಟದ್ದು ಬಿಟ್ಟಂಗ, ಒಂದ ನುಂಗ್ರಿ. ಇದು ನಿದ್ದಿ ಎಳಿಯೋ ಗುಳಿಗಿ, ಗಾಡಿ ಮುಟ್ಟಬ್ಯಾಡ್ರಿ. ಯಾರದರ ಹಿಂದ ಕುಂತು ಹೋಗ್ರಿ."

ಯಾರ ಹಿಂದೆ? ಕುಡತಿನಿಯ ಶಾಲೆಗೆ ಆರು ವರ್ಷದಿಂದ ಅವಳು ಒಬ್ಬಳೇ ಸ್ಕೂಟಿಯಲ್ಲಿ ಹೋಗುತ್ತಿದ್ದಳು. ಹಿಂದಿನ ಸೀಟಿನ ಮೇಲೆ ಊಟದ ಚೀಲ. ಅದೇ ಶಾಲೆಯ ಟೀಚರು ಅಂಜನಾ ಪಕ್ಕದ ಬೀದಿಯವಳು. ಮೊದಮೊದಲು "ಕೂಡೇ ಹೋಗೂಣು ಬರ್ರಿ" ಎಂದು ಕರೆಯುತ್ತಿದ್ದಳು. ಯಾರ ಹಂಗೂ ಬೇಡವೆಂದು ವರದಾಳೇ ತಪ್ಪಿಸಿಕೊಂಡಿದ್ದಳು; ಆಮೇಲೆ ಅವಳೂ ಕರೆಯುವುದನ್ನು ಬಿಟ್ಟಳು. ಊರಾಚೆ ವಿದ್ಯುತ್ ಸ್ಥಾವರದ ಬೂದಿ ಸಾಗಿಸುವ ಲಾರಿಗಳ ನಡುವೆ ಕಣ್ಣು ಮುಚ್ಚಿಹೋದರೆ ಎಂದು ನೆನೆದು ವರದಾಳಿಗೆ ಭಯವಾಯಿತು. ಫೋನು ಕೈಗೆತ್ತಿಕೊಂಡಾಗ ಅದಕ್ಕಿಂತ ಹೆಚ್ಚು ಭಯವಾಯಿತು.

"ಅಂಜನಾ, ಇವತ್ತ ನಿನ್ನ ಗಾಡಿ ಮ್ಯಾಲೆ ನಂಗ ಜಾಗ ಅದ ಏನು?"



"ಅಯ್ಯ, ಯಾವಾಗ ಇದ್ದಿಲ್ರಿ ಅಕ್ಕಾ? ಎಲ್ಲಿ ಅದೀರಿ ಹೇಳ್ರಿ, ಬಂದೆ."

ತಾನು ಎಲ್ಲಿದ್ದೇನೆಂದು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ, ವರದಾಳಿಗೆ ಅಂಗಡಿಯ ಹೆಸರು ಕೂಡಲೇ ಬಾಯಿಗೆ ಬರಲಿಲ್ಲ.