ಮಹಾರಾಣಿಯ ಮಂತ್ರಿ

ರೆಕಾರ್ಡಿಂಗಿನಲ್ಲಿದ್ದ ಆ ಗಂಡಸಿನ ದನಿಯನ್ನು ಡಾಕ್ಟರಮ್ಮ ಮೂರನೆಯ ಸಲ ಕೇಳಿದಳು.

"ಮಹಾರಾಣಿಯವರ ಜಡೆ ಇನ್ನೂ ಆಗಿಲ್ಲ! ಶಾಲೆ ಬಸ್ಸು ಬಂದ್ಬಿಟ್ರೆ ಈ ಬಡಪಾಯಿ ಮಂತ್ರಿ ಗತಿಯೇನು?"

"ಮಂತ್ರಿಗಳೇ, ಬಾಯಿ ಮುಚ್ಕೊಂಡು ಬಾಚಿ!" ಇದು ಮಗುವಿನ ದನಿ. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಗುವ ಸದ್ದು.

ಮಗುವಿಗೆ ಆರು ವರ್ಷ. ಶಾಲೆ ಸೇರಿ ಹದಿನಾಲ್ಕು ತಿಂಗಳಾದರೂ ಅಲ್ಲಿ ತುಟಿ ಪಿಟಕ್ಕೆಂದಿರಲಿಲ್ಲ. ಒಮ್ಮೆ ಬಾಗಿಲಿಗೆ ಸಿಕ್ಕಿ ಬೆರಳು ಜಜ್ಜಿಹೋದಾಗಲೂ ಕಣ್ಣೀರು ಸುರಿಯಿತೇ ಹೊರತು ಸದ್ದು ಬರಲಿಲ್ಲ. ಇಂಥ ಮಕ್ಕಳು ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾರೆ, ಹೊಸಿಲು ದಾಟಿದರೆ ಗಂಟಲು ಕಟ್ಟುತ್ತದೆ. ಹಟವಲ್ಲ, ಹೆದರಿಕೆ. ಅದಕ್ಕೇ ಮನೆಯ ಮಾತನ್ನು ರೆಕಾರ್ಡ್ ಮಾಡಿ ತರಲು ಹೇಳುವುದು ಡಾಕ್ಟರಮ್ಮನ ಪದ್ಧತಿ. ತಂದೆ ನಿನ್ನೆ ಸಂಜೆ ಅದನ್ನು ಪೆನ್‌ಡ್ರೈವಿಗೆ ಹಾಕಿ ಆಸ್ಪತ್ರೆಯ ಸ್ವಾಗತ ಮೇಜಿನ ಮೇಲಿಟ್ಟು ಹೋಗಿದ್ದ.

ಮಗುವಿನ ದನಿಯೇನೋ ಸರಿ. ಆದರೆ ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಮನೆಯಲ್ಲಿರುವುದು ತಂದೆ, ಮಗಳು, ಇಬ್ಬರೇ. ಬೆಳಗ್ಗೆ ಬೆಳಗ್ಗೆ ಬಂದು ಮಗುವಿನ ತಲೆ ಬಾಚುವ ಈ ವಾಚಾಳಿ ಯಾರು?

ತಂದೆಯನ್ನು ಆಕೆ ಒಂಬತ್ತು ವಾರದಿಂದ ನೋಡುತ್ತಿದ್ದಳು. ನಗಿಸುವುದಿರಲಿ, ನಗುವುದೂ ಗೊತ್ತಿರದ ಮನುಷ್ಯ. ವಯಸ್ಸು ಮೂವತ್ತೇಳು, ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಕಾಗದ ವಿಂಗಡಿಸುವ ಕೆಲಸ. ಬಂದವನೇ ಬಾಗಿಲ ಪಕ್ಕದ ಕುರ್ಚಿಯಲ್ಲಿ ಬೆನ್ನು ಸೆಟೆದು ಕೂತುಬಿಡುತ್ತಿದ್ದ, ಕಣ್ಣು ನೆಲದ ಮೇಲೆ.

ಜೊತೆಗೆ ಅವನ ಅಕ್ಕ. ಪಕ್ಕದ ಬೀದಿಯವಳು, ಒಂದು ವಾರವೂ ತಪ್ಪಿಸಿದವಳಲ್ಲ. ಡಾಕ್ಟರಮ್ಮ ಮನಸ್ಸಿನಲ್ಲೇ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದಳು. ಏನು ಕೇಳಿದರೂ ಉತ್ತರ ರೇಡಿಯೋದಿಂದಲೇ. "ಹೀಗೆ ಎಲ್ಲದಕ್ಕೂ ನೀವೇ ಉತ್ತರ ಕೊಟ್ರೆ ಮಗು ಯಾವತ್ತು ಬಾಯಿ ಬಿಡೋದು?" ಎಂದು ಒಮ್ಮೆ ಗದರಿದ್ದಳು.

"ಏನ್ಮಾಡ್ಲಿ ಡಾಕ್ಟ್ರೇ, ಅಭ್ಯಾಸ ಆಗ್ಹೋಗಿದೆ. ಶಾಲೆ, ಬ್ಯಾಂಕು, ಆಸ್ಪತ್ರೆ, ಎಲ್ಲಾ ಕಡೆ ಈ ಮನೆಗೆ ನಾನೇ ಬಾಯಿ."

ಮನೆತನದಲ್ಲಿ ಬೇರೆ ಯಾರಿಗಾದರೂ ಈ ತೊಂದರೆ ಇತ್ತೇ ಎಂಬುದು ಫಾರಂನ ಕೊನೆಯ ಪ್ರಶ್ನೆ. "ಅಯ್ಯೋ, ಬಿಡ್ತು ಅನ್ನಿ! ನಮ್ಮಲ್ಲಿ ಎಲ್ರೂ ಚೆನ್ನಾಗೇ ಇದಾರೆ" ಎಂದು ರೇಡಿಯೋ ಮಾತು ಬದಲಿಸಿದ್ದಳು.

ಇವತ್ತು ರೇಡಿಯೋ ಇಲ್ಲ. 'ಅಕ್ಕನಿಗೆ ಜ್ವರ. ಮಗುವನ್ನು ನಾನೇ ಕರೆತರುತ್ತೇನೆ' ಎಂದು ಬೆಳಗ್ಗೆ ತಂದೆಯ ಮೆಸೇಜು ಬಂದಿತ್ತು. ಅಕ್ಕನಿಗೆ ಫೋನು ಮಾಡಿದರೆ ಎತ್ತುವವರಿಲ್ಲ.

ಸಂಜೆಯೊಳಗೆ ಮಕ್ಕಳ ರಕ್ಷಣಾ ಕಚೇರಿಗೆ ವರದಿ ಹೋಗಬೇಕಿತ್ತು. ಮಗು ಮನೆಯಲ್ಲಿ ಏನನ್ನೋ ಕಂಡು ಹೆದರಿದೆ ಎಂದು ಶಾಲೆಯವರು ದೂರು ಕೊಟ್ಟಿದ್ದರು. ವರದಿಯಲ್ಲಿ ಒಂದು ಸಾಲು ಸಾಕು, ನಾಳೆಯೇ ಮಗುವನ್ನು ತಂದೆಯಿಂದ ಬಿಡಿಸಿ ಸರ್ಕಾರಿ ಮಕ್ಕಳ ಮನೆಗೆ ಸೇರಿಸುತ್ತಾರೆ. ಹಿಂದೊಮ್ಮೆ ಇನ್ನೊಬ್ಬ ಹುಡುಗಿಯ ವಿಷಯದಲ್ಲಿ ಅಂಥ ಸಾಲು ಬರೆಯಲು ಡಾಕ್ಟರಮ್ಮ ತಡಮಾಡಿದ್ದಳು. ಆ ಹುಡುಗಿ ಉಳಿಯಲಿಲ್ಲ. ಆವತ್ತಿನಿಂದ ಆಕೆಗೆ ಯಾವುದೂ ತಾಕುತ್ತಿರಲಿಲ್ಲ. ತಿಂಗಳುಗಟ್ಟಲೆ ದುಡಿದ ಮೇಲೆ ಒಂದು ಮಗು ಮೊದಲ ಮಾತಾಡಿದರೂ ಅಷ್ಟೇ, ಫೈಲಿನಲ್ಲಿ ತಾರೀಖು ಬರೆದು ಮುಚ್ಚುವಳು.

ತಂದೆ, ಮಗಳು ಬಂದರು. ಆಕೆ ನೇರವಾಗಿ ಕೇಳಿದಳು.

"ನಿಮ್ಮನೇಲಿರೋ ಆ ಗಂಡಸು ಯಾರು? ಮಂತ್ರಿ ಅಂತ ಕರೀತಾಳಲ್ಲ, ಅವನು?"

ಅವನ ಕಿವಿ ಕೆಂಪಾಯಿತು. ಕತ್ತು ಬಿಗಿಯಿತು. ತುಟಿ ಅಲುಗಿ, ನಿಂತಿತು.

"ನೋಡಿ, ಇವತ್ತು ನಿಮ್ಮಕ್ಕ ಇಲ್ಲ. ನೀವೇ ಹೇಳ್ಬೇಕು. ಮುಚ್ಚಿಟ್ರೆ ಮಗು ನಿಮ್ಮ ಕೈತಪ್ಪತ್ತೆ."

ಅವನು ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕಣ್ಣೀರು ಸುರಿಯಿತು, ಅಷ್ಟೇ. ತಪ್ಪು ಮಾಡಿದವನ ಲಕ್ಷಣ ಎಂದುಕೊಂಡಳು ಡಾಕ್ಟರಮ್ಮ. ಆಕೆಗೆ ಏನೂ ಅನ್ನಿಸಲಿಲ್ಲ.

"ಹದಿನೈದು ನಿಮಿಷ ಕೂತು ಯೋಚಿಸಿ" ಎಂದು ಇಬ್ಬರನ್ನೂ ಆಟದ ಕೋಣೆಯಲ್ಲಿ ಬಿಟ್ಟು ಹೊರಬಂದಳು. ಬಾಗಿಲು ಎಂದಿನಂತೆ ನಾಲ್ಕು ಬೆರಳಗಲ ತೆರೆದಿತ್ತು. ಒಳಗೆ ಮಗು ಮನೆಯವರೊಡನೆ ಮಾತು ಶುರುಮಾಡಿದರೆ, ಹೊರಗಿರುವ ತಾನು ವಾರಕ್ಕೊಂದು ಹೆಜ್ಜೆ ಬಾಗಿಲಿಗೆ ಹತ್ತಿರವಾಗಬೇಕು. ಚಿಕಿತ್ಸೆ ಎಂದರೆ ಅದೇ. ಒಂಬತ್ತು ವಾರದಲ್ಲಿ ಒಳಗಿಂದ ಕೇಳಿದ್ದು ರೇಡಿಯೋ ಮಾತ್ರ.

ತನ್ನ ಕೋಣೆಯಲ್ಲಿ ಕೂತು ಬರೆದಳು: 'ಮನೆಯಲ್ಲಿ ಅಪರಿಚಿತ ಗಂಡಸಿದ್ದಾನೆ. ತಂದೆ ವಿಷಯ ಮುಚ್ಚಿಡುತ್ತಿದ್ದಾನೆ. ಮಗುವನ್ನು ಕೂಡಲೇ ಬೇರೆಡೆಗೆ ಸೇರಿಸುವುದು ಒಳಿತು.' ಸಹಿ ಹಾಕಿದಳು. ಹಾಳೆ ಹಿಡಿದು ಕಾರಿಡಾರಿಗೆ ಬಂದಳು.

ಆಟದ ಕೋಣೆಯಿಂದ ಮಂತ್ರಿಯ ದನಿ ಕೇಳುತ್ತಿತ್ತು.

ಇವನು ಯಾವಾಗ ಒಳಗೆ ನುಗ್ಗಿದ? ಚಪ್ಪಲಿ ಅಲ್ಲೇ ಬಿಟ್ಟು, ಸದ್ದಾಗದಂತೆ ಬಾಗಿಲವರೆಗೆ ಓಡಿದಳು.

"ಡಾಕ್ಟ್ರು ಹೋದ್ರಾ ಮಂತ್ರಿಗಳೇ?"

"ಹೋದ್ರು ಮಹಾರಾಣಿ."

"ಅವ್ರ ಮುಂದೆ ನಂಗೆ ಮಾತೇ ಬರಲ್ಲ."

"ನಂಗೂ ಅಷ್ಟೇ ಕಣೇ ಪುಟ್ಟಿ. ನಿನ್ನಷ್ಟಿದ್ದಾಗಿಂದ ಹೀಗೇ. ಹೇಳ್ಬೇಕು, ಹೇಳ್ಬೇಕು ಅಂತೀನಿ, ಗಂಟಲಿಂದಾಚೆ ಬರಲ್ಲ. ನೀನಾದ್ರೂ ಕಲ್ತ್ಕೋ."

ಬಾಗಿಲ ಸಂದಿಯಲ್ಲಿ ಕಂಡವರು ಇಬ್ಬರೇ. ನೆಲದ ಮೇಲೆ ಕೂತು, ಬಿಚ್ಚಿಹೋಗಿದ್ದ ಜಡೆಯನ್ನು ತಂದೆ ಮತ್ತೆ ಹೆಣೆಯುತ್ತಿದ್ದ.

ಎಷ್ಟೋ ದಿನಗಳ ಮೇಲೆ ಡಾಕ್ಟರಮ್ಮನಿಗೆ ಏನೋ ತಾಕಿತು. ವರದಿಯನ್ನು ನಾಲ್ಕು ಚೂರು ಮಾಡಿದಳು, ಕೋಣೆಗೆ ಮರಳಿ ಹೊಸ ಫಾರಮ್ಮೊಂದನ್ನು ತೆಗೆದಳು, ಮಗುವಿನ ವಯಸ್ಸು ಎಂದಿದ್ದ ಕಡೆ ಬರೆದಳು: ಮೂವತ್ತೇಳು.