ಬೇರೆ ಸೆಲ್

೨೦೨೩ರ ಮಾರ್ಚ್ ಹದಿನೇಳು. ಹನ್ನೆರಡು ವರ್ಷ ನಾಲ್ಕು ತಿಂಗಳಿಂದ ವಾರಿಜಮ್ಮನೊಡನೆ ಮಾತು ಬಿಟ್ಟಿದ್ದ ಅಣ್ಣ ಪುಣೆಯಲ್ಲಿ ತೀರಿಕೊಂಡಿದ್ದ. ಹನ್ನೊಂದಕ್ಕೆ ಚಿತೆಗೆ ಬೆಂಕಿ; ಅದರ ಯೂಟ್ಯೂಬ್ ನೇರ ಪ್ರಸಾರವನ್ನು ಮನೆಯ ಟಿವಿಯಲ್ಲೇ ನೋಡಬಹುದಿತ್ತು. ಆದರೆ ಹೊಸ ರಿಮೋಟ್ ಏನು ಮಾಡಿದರೂ ಮಿಸುಕಲಿಲ್ಲ.

“ಕೊನೇ ಸಲ ಮುಖ ನೋಡೋ ಋಣನಾದ್ರೂ ತೀರ್ಲಿ, ರೀ.”

“ಸೆಲ್ ಸತ್ತಿರ್ಬೇಕು, ತಾಳೇ!”

ವಾರಿಜಮ್ಮ ಮುಖ ತೊಳೆದು, ಸೀರೆ ಬದಲಿಸಿ ಬರುವಷ್ಟರಲ್ಲಿ ಗಂಡ ಬೇರೆ ಸೆಲ್ ಹಾಕಿ, ಬೆವರುತ್ತ ಗುಂಡಿ ಒತ್ತಿ ಹಿಡಿದಿದ್ದ. ಅವಳು ಮೇಜಿನ ಗಡಿಯಾರ ನೋಡಿದಳು: ಹತ್ತು ನಲವತ್ತು.

“ಗಾಬರಿಯಾಗ್ಬೇಡಿ, ಇನ್ನೂ ಇಪ್ಪತ್ತು ನಿಮಿಷ ಇದೆ.”

ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಕಡೆಗೂ ಚಿತ್ರ ಮೂಡಿತು. ಚಿತೆ ಧಗಧಗನೆ ಉರಿಯುತ್ತಿತ್ತು.

“ಅಯ್ಯೋ, ಇನ್ನೂ ಟೈಮಿತ್ತಲ್ರೀ! ಆ ಸೆಲ್ ಎಲ್ಲಿಂದ ತಂದ್ರಿ?”

ಗಂಡ ಮೆಲ್ಲನೆ ಗಡಿಯಾರದತ್ತ ತಿರುಗಿದ. ಅದು ಹತ್ತು ನಲವತ್ತನ್ನೇ ತೋರಿಸುತ್ತಿತ್ತು.